ಡುಮ್ಮ, ಸಣಕಲ ಮತ್ತು ತಂಗಿಯ ಹಡಗು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವಳು ಸ್ಕ್ರೂ ಅಕ್ಕ. ವಯಸ್ಸು ನಲವತ್ತಮೂರು, ಕೆಲಸ ವಿಡಿಯೋ ಗೇಮ್ ಯಂತ್ರಗಳ ರಿಪೇರಿ. ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದ ಅಂಗಡಿಯ ಯಜಮಾನರು ಕೂಡ ಮುಂಬಾಗಿಲಿನಿಂದ "ಸ್ಕ್ರೂ ಅಕ್ಕ, ಒಂಚೂರು ಬನ್ನಿ" ಎಂದೇ ಕೂಗುತ್ತಾರೆ. ಅವಳು ಬರುವುದಿಲ್ಲ. ಬಿಚ್ಚಿದ ಯಂತ್ರವನ್ನು ಹಾಗೇ ಬಿಟ್ಟು ಎದ್ದು ಬರುವುದು ಅವಳ ಜಾಯಮಾನವಲ್ಲ. ಯಜಮಾನರೇ ಒಳಗೆ ಹೋಗಬೇಕು.

ಅವಳ ಕೆಲಸದ ರೀತಿಯೇ ಬೇರೆ. ಯಂತ್ರ ಮೇಜಿನ ಮೇಲೆ ಬಂದ ಕೂಡಲೇ ಬಿಚ್ಚುವುದಿಲ್ಲ. ಸ್ವಿಚ್ ಹಾಕಿ, ಅದರ ಬೆನ್ನಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೂರುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ "ಫ್ಯಾನ್ ಕೆಮ್ಮುತ್ತಿದೆ" ಎನ್ನುತ್ತಾಳೆ, ಇಲ್ಲವೇ "ಇದಕ್ಕೆ ಉಸಿರು ಕಟ್ಟಿದೆ, ಯಾರೋ ಗೋಡೆಗೆ ಒತ್ತಿ ಇಟ್ಟಿದ್ದರು." ಆಮೇಲೆ ಒಂದು ಬಿಳಿ ಹಾಳೆ ತೆಗೆದು ಅದರ ಮೇಲೆ ಯಂತ್ರದ ಚಿತ್ರ ಬರೆಯುತ್ತಾಳೆ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದು ಎಲ್ಲಿತ್ತೋ ಚಿತ್ರದಲ್ಲಿ ಅದೇ ಜಾಗಕ್ಕೆ ಟೇಪ್ ಹಾಕಿ ಅಂಟಿಸುತ್ತಾಳೆ. ಬೇರೆ ರಿಪೇರಿಯವರ ಮೇಜಿನ ಮೇಲೆ ಕೆಲಸ ಮುಗಿದಾಗ ಎರಡೋ ಮೂರೋ ಸ್ಕ್ರೂ ಮಿಕ್ಕಿರುತ್ತವೆ. ಕೇಳಿದರೆ "ಅದು ಎಕ್ಸ್‌ಟ್ರಾ ಸಾರ್, ಕಂಪನಿಯವರು ಸುಮ್ನೆ ಹಾಕಿರ್ತಾರೆ" ಎಂದು ಎಳ್ಳಷ್ಟೂ ನಾಚಿಕೆಯಿಲ್ಲದೆ ಹೇಳುತ್ತಾರೆ. ಇವಳ ಮೇಜಿನ ಮೇಲೆ ಇಪ್ಪತ್ತು ವರ್ಷಗಳಲ್ಲಿ ಒಂದೂ ಮಿಕ್ಕಿಲ್ಲ. ಇಂಥ ಜನಕ್ಕೆ ಯಾರೂ ಹಾರ ಹಾಕುವುದಿಲ್ಲ, ಇರಲಿ.

ಮನೆ ಅಂಗಡಿಯಿಂದ ಎರಡು ಬೀದಿ ಆಚೆ, ನೆಲಮಹಡಿಯಲ್ಲಿ. ಅಲ್ಲಿ ಅಮ್ಮ, ಅವಳು, ತಂಗಿ. ತಂಗಿ ಹತ್ತು ವರ್ಷ ಚಿಕ್ಕವಳು. ಏಳನೆಯ ವಯಸ್ಸಿನಿಂದ ಅವಳ ಮಾಂಸಖಂಡಗಳು ಒಂದೊಂದಾಗಿ ಸೋಲುತ್ತ ಬಂದಿವೆ. ಈಗ ಅವಳ ಮಾತು ಕೇಳುವುದು ಬಲಗೈ ಹೆಬ್ಬೆರಳು, ಎಡಗೈ ತೋರುಬೆರಳು, ತುಟಿ ಮತ್ತು ನಾಲಿಗೆ. ನಾಲಿಗೆಯಂತೂ ಬೇಕಾದ್ದಕ್ಕಿಂತ ಜಾಸ್ತಿಯೇ ಚುರುಕು ಎಂದು ಅಮ್ಮ ಗೊಣಗುತ್ತಾರೆ.

ಹನ್ನೊಂದು ವರ್ಷದ ಹಿಂದೆ ತಂಗಿಯ ಕೈಯಿಂದ ಗೇಮ್ ಕಂಟ್ರೋಲರ್ ಜಾರಿ ಬಿತ್ತು. ಮತ್ತೆ ಹಿಡಿಯಲಾಗಲಿಲ್ಲ. ಅವಳು ಅಳಲಿಲ್ಲ, ಟಿವಿ ಆಫ್ ಮಾಡು ಎಂದಳು ಅಷ್ಟೆ. ಮರುದಿನವೇ ಅಕ್ಕ ಆ ಕಂಟ್ರೋಲರನ್ನು ಬಿಚ್ಚಿ ಕೂತಳು. ಅದರ ಒಳಗಿನ ಬೋರ್ಡಿನಲ್ಲಿ ಒಂದೊಂದು ಗುಂಡಿಗೂ ಗಸಗಸೆ ಕಾಳಿನಷ್ಟು ಒಂದು ಚುಕ್ಕೆ ಇರುತ್ತದೆ. ಆ ಚುಕ್ಕೆಗೆ ಕೂದಲಿನಂಥ ವೈರು ಬೆಸುಗೆ ಹಾಕಬೇಕು. ಕೈ ನಡುಗಿದರೆ ಚುಕ್ಕೆಯೇ ಕಿತ್ತು ಬರುತ್ತದೆ. ಮೂರು ಕಂಟ್ರೋಲರ್ ಹಾಳಾದವು, ನಾಲ್ಕು ಬೆರಳು ಸುಟ್ಟವು. ಕೊನೆಗೆ ಒಂದು ಮರದ ಹಲಗೆ ತಯಾರಾಯಿತು. ಉಸಿರು ತಾಕಿದರೂ ಒತ್ತಿಕೊಳ್ಳುವ ಎರಡು ದೊಡ್ಡ ಗುಂಡಿ, ತುಟಿಯಲ್ಲಿ ಹಿಡಿದು ನಾಲ್ಕೂ ಕಡೆ ವಾಲಿಸುವ ಒಂದು ಕಡ್ಡಿ, ಹಿಂದೆ ಯಂತ್ರಕ್ಕೆ ಚುಚ್ಚುವ ಒಂದು ಕೇಬಲ್. ಮನೆಯಲ್ಲಿ ಅದರ ಹೆಸರು ‘ಹಲಗೆ’.

ಆ ಹಲಗೆ ಹಿಡಿದು ತಂಗಿ ಸಮುದ್ರಕ್ಕೆ ಇಳಿದಳು. ಅದು ಆನ್‌ಲೈನ್ ಆಟ. ಸಾವಿರಾರು ಹಡಗು, ಒಂದೊಂದರಲ್ಲೂ ಒಂದೊಂದು ದೇಶದ ಜನ, ಅವರವರ ಮನೆಯಲ್ಲಿ ಕೂತು ಒಂದೇ ಹಡಗನ್ನು ನಡೆಸುತ್ತಾರೆ. ತಂಗಿ ಪಾತ್ರೆ ತೊಳೆಯುವವಳಾಗಿ ಸೇರಿ, ಆರು ವರ್ಷದಲ್ಲಿ ಕ್ಯಾಪ್ಟನ್ ಆದಳು. ಈಗ ಅವಳ ಕೈಕೆಳಗೆ ಮೂವತ್ತೆರಡು ಜನ. ದಿನಾ ಮಧ್ಯಾಹ್ನ ಎರಡಕ್ಕೆ ಅವಳು ಹೇಳಿದರೆ ಲಂಗರು ಏಳುತ್ತದೆ.

ಅಕ್ಕ ಊಟಕ್ಕೆ ಬಂದವಳು ಆ ಹೊತ್ತಿಗೆ ಯಂತ್ರದ ಹಿಂದೆ ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಾಳೆ. ಅವಳಿಗೆ ಪರದೆ ಕಾಣುವುದಿಲ್ಲ. ಕಾಣುವುದು ತಂಗಿಯ ಹೆಬ್ಬೆರಳು, ಹಲಗೆಯ ವೈರು. ಕೇಳುವುದು ಫ್ಯಾನು. ಏಳು ಸಲ ಕೆಟ್ಟ ಯಂತ್ರ ಅದು, ಏಳು ಸಲವೂ ಬದುಕಿಸಿದ್ದಾಳೆ. ಸಮುದ್ರದಲ್ಲಿ ತಂಗಿಯ ಗಾಲಿಕುರ್ಚಿಯ ವಿಷಯ ಯಾರಿಗೂ ಗೊತ್ತಿಲ್ಲ, ಅಲ್ಲಿ ಅವಳು ಬರೀ ಕ್ಯಾಪ್ಟನ್ ಎಂದು ಅಕ್ಕ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಕೊಂಡಿದ್ದಳು. ಒಮ್ಮೆಯೂ ಕೇಳಿರಲಿಲ್ಲ.

ಹೀಗಿರುವಾಗ ಬಂತು ಸುದ್ದಿ. ಇನ್ನು ಮೂರು ತಿಂಗಳಿಗೆ ಆ ಹಳೆಯ ಯಂತ್ರಕ್ಕೆ ಆನ್‌ಲೈನ್ ಸೇವೆ ನಿಲ್ಲುತ್ತದೆ. ಮಾರುಕಟ್ಟೆಗೆ ಎರಡು ಕಂಪನಿಗಳಿಂದ ಎರಡು ಹೊಸ ಯಂತ್ರ ಬರುತ್ತಿವೆ. ಆಟ ಎರಡರಲ್ಲೂ ಮುಂದುವರಿಯುತ್ತದೆ, ಯಾವುದು ಬೇಕೋ ಆರಿಸಿಕೊಳ್ಳಿ.

ಅಂಗಡಿಗೆ ಚಿತ್ರ, ವಿವರ ಎಲ್ಲ ಬಂದವು. ಸ್ಕ್ರೂ ಅಕ್ಕ ಅವನ್ನು ಹಡೆದವಳ ಮನೆಗೆ ಕೂಸು ನೋಡಲು ಹೋದವಳ ಹಾಗೆ ನೋಡಿದಳು. ಒಂದು ಯಂತ್ರ ಗುಂಡಗೆ, ದಪ್ಪಗೆ. ಇನ್ನೊಂದು ಎರಡು ನೋಟ್‌ಬುಕ್ ಒಂದರ ಮೇಲೊಂದು ಇಟ್ಟಷ್ಟೇ ಎತ್ತರ. ಮನೆಗೆ ತಂದು ತೋರಿಸಿದಾಗ ತಂಗಿ ಒಂದು ಕ್ಷಣದಲ್ಲಿ ನಾಮಕರಣ ಮುಗಿಸಿದಳು. ಡುಮ್ಮ, ಸಣಕಲ.

"ಸರಿ, ಯಾವುದು ಒಳ್ಳೇದು? ನ್ಯಾಯವಾಗಿ ಹೇಳು" ಎಂದಳು ತಂಗಿ.

ಅಕ್ಕ ಎರಡು ದಿನ ಕೂತು ಹಾಳೆಯ ನಡುವೆ ಗೆರೆ ಎಳೆದು ಬರೆದಳು. ಡುಮ್ಮನ ಕಡೆ ತುಂಬಿ ಹರಿಯಿತು. ಊಟದ ತಟ್ಟೆಯಷ್ಟು ಅಗಲದ ಫ್ಯಾನು, ಅದಕ್ಕೇ ನಿಧಾನ ತಿರುಗುತ್ತದೆ, ಅದಕ್ಕೇ ಸದ್ದಿಲ್ಲ. ಒಳಗಿನ ಚಿಪ್‌ನ ಬಿಸಿಯನ್ನು ಹೊತ್ತೊಯ್ಯಲು ಆರು ತಾಮ್ರದ ಕೊಳವೆ. ಒಂದೇ ಸ್ಕ್ರೂ ತೆಗೆದರೆ ಮುಚ್ಚಳ ಕೈಗೆ ಬರುತ್ತದೆ. ಡಿಸ್ಕ್ ಹಾಕಲು ಜಾಗವಿದೆ. ಮುಂದುಗಡೆ ಕೇಬಲ್ ಚುಚ್ಚಲು ಮೂರು ತೂತು. ಸಣಕಲನ ಕಡೆ ಅವಳು ಮೂಗು ಮುರಿದೇ ಬರೆದಿದ್ದಳು. ಡಿಸ್ಕ್ ಇಲ್ಲ. ಸ್ಕ್ರೂ ಇಲ್ಲ, ಎಲ್ಲ ಅಂಟು. ಕೇಬಲಿಗೆ ತೂತೇ ಇಲ್ಲ, ಕಂಟ್ರೋಲರ್ ವೈರ್‌ಲೆಸ್. ಕೆಟ್ಟರೆ ದೇವರೇ ಗತಿ. ಎರಡರ ಆನ್‌ಲೈನ್ ಸೇವೆಯ ಬಗ್ಗೆ ತಳದಲ್ಲಿ ಒಂದೇ ಸಾಲು: ‘ಹೆಚ್ಚು ಕಡಿಮೆ ಒಂದೇ.’

ತಂಗಿ ಓದಿ ನಕ್ಕಳು. "ಅಕ್ಕಾ, ನೀನು ಮನೆ ನೋಡ್ಕೊಂಡು ಬಂದಿದ್ದೀಯ, ಬೀದಿ ನೋಡಿಲ್ಲ."

"ಏನೇ ಹಾಗಂದ್ರೆ?"

"ಡುಮ್ಮನ ಸೇವೆ ಪೂರ್ತಿ ಹೊಸದು. ಅಲ್ಲಿ ಹಳೇ ಖಾತೆ ನಡೆಯೋದಿಲ್ಲ. ನಾನು ಮತ್ತೆ ಪಾತ್ರೆ ತೊಳೀತಾ ಶುರು ಮಾಡ್ಬೇಕು, ಗುರುತಿಲ್ಲದ ಹಡಗಲ್ಲಿ. ಸಣಕಲನ ಸೇವೆಗೆ ನನ್ನ ಹೆಸರು, ಹಡಗು, ಮೂವತ್ತೆರಡು ಜನ, ಎಲ್ಲಾ ಇದ್ದ ಹಾಗೇ ಬರುತ್ತೆ. ಅವರು ಅವರ ಭಾಷೇಲಿ ಬರೆದ್ರೆ ನನಗೆ ನನ್ನ ಭಾಷೇಲಿ ಕಾಣುತ್ತೆ. ಡಬ್ಬ ಸತ್ತರೂ ಇನ್ನೊಂದು ಡಬ್ಬದಲ್ಲಿ ಹಡಗು ಇದ್ದಲ್ಲೇ ಇರುತ್ತೆ."

"ಸಣಕಲನಿಗೆ ಹಲಗೆ ಚುಚ್ಚೋದೆಲ್ಲಿಗೆ?"

ಅಷ್ಟು ಹೊತ್ತಿಗೆ ಇಬ್ಬರಿಗೂ ಅರ್ಥವಾಗಿತ್ತು. ಒಂದರಲ್ಲಿ ಹಡಗಿದೆ, ಹಿಡಿಯಲು ಕೈಯಿಲ್ಲ. ಇನ್ನೊಂದರಲ್ಲಿ ಕೈಯಿದೆ, ಹಡಗಿಲ್ಲ.

"ಮತ್ತೆ ಮೊದಲಿಂದ ಆರು ವರ್ಷ ಆಗೋದಿಲ್ಲ ಅಕ್ಕಾ" ಎಂದಳು ತಂಗಿ. "ಆರು ವರ್ಷ ಈ ಬೆರಳು ಇರುತ್ತೋ ಇಲ್ವೋ. ಬೇರೆ ಎಲ್ಲಾ ಕಡೆ ನಾನು ‘ಪಾಪ’. ಅಲ್ಲೊಂದೇ ಕಡೆ ನಾನು ಹೇಳಿದ್ರೆ ಏನಾದ್ರೂ ತಿರುಗುತ್ತೆ."

ಅಮ್ಮ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು. ಅಕ್ಕನಿಗೆ ತನ್ನ ಹಾಳೆಯ ಮೇಲೆ ಅಸಹ್ಯ ಹುಟ್ಟಿತು. ತಾಮ್ರದ ಕೊಳವೆ ಎಣಿಸುತ್ತ ಕೂತಿದ್ದಳಲ್ಲ, ಅದನ್ನು ಬರೆದ ಕೈಗೆ ಎರಡು ಬಿಗಿಯಬೇಕು ಎನಿಸಿತು.

ವಾರದ ಮೇಲೆ ರಿಪೇರಿಯವರಿಗೆಂದೇ ಒಂದು ತರಬೇತಿ ನಡೆಯಿತು. ಬಿಡುಗಡೆಗೆ ಮೊದಲೇ ಎರಡೂ ಯಂತ್ರಗಳನ್ನು ಬಿಚ್ಚಿ ನೋಡಬಹುದು. ದೊಡ್ಡ ಹಾಲ್, ಉದ್ದ ಮೇಜುಗಳು, ಪ್ರತಿ ಮೇಜಿಗೂ ಬೆಸುಗೆ ಸಾಮಾನು. ಸ್ಕ್ರೂ ಅಕ್ಕ ಬಟ್ಟೆಯ ಚೀಲದಲ್ಲಿ ಹಲಗೆಯನ್ನು ಟವೆಲ್ ಸುತ್ತಿ ತಂದಿದ್ದಳು. ತಂಗಿಯ ಪಾಸ್‌ವರ್ಡ್ ಚೀಟಿಯಲ್ಲಿತ್ತು. ಬೆಳಿಗ್ಗೆ ತಂಗಿಗೆ ಕೈಕಾಲು ವ್ಯಾಯಾಮ ಮಾಡಿಸಲು ನರ್ಸ್ ಬರುವ ಹೊತ್ತು, ಖಾತೆ ಖಾಲಿ ಇರುತ್ತದೆ.

ಮೊದಲು ಡುಮ್ಮ. ಹಾಳೆ ತೆಗೆದು ಚಿತ್ರ ಬರೆದು, ಆ ಒಂದೇ ಸ್ಕ್ರೂವನ್ನು ಜಾಗಕ್ಕೆ ಅಂಟಿಸಿದಳು. ಮುಚ್ಚಳ ಎತ್ತಿದವಳು ಉಸಿರು ಬಿಡುವುದನ್ನೇ ಮರೆತಳು. ತಾಮ್ರದ ಕೊಳವೆಗಳು ಚಿಪ್‌ನ ಎದೆಯಿಂದ ಹೊರಟು, ಒಂದನ್ನೊಂದು ಮುಟ್ಟದೆ ಬಾಗಿ, ತೆಳು ರೆಕ್ಕೆಗಳ ಸಾಲಿನೊಳಗೆ ಹೊಕ್ಕಿದ್ದವು. ಎಲ್ಲಿಯೂ ಅನವಶ್ಯಕವಾದ ಒಂದು ಎಳೆಯಿಲ್ಲ. ಸ್ವಿಚ್ ಹಾಕಿ ಬೆನ್ನಿಗೆ ಕಿವಿಯಿಟ್ಟರೆ ಮಲಗಿದ ಮಗುವಿನ ಉಸಿರಿಗಿಂತ ಹೆಚ್ಚಿನ ಸದ್ದಿಲ್ಲ. ಇದನ್ನು ಯೋಚಿಸಿದವರ ಕಾಲಿಗೆ ಬೀಳಬೇಕು ಎನಿಸಿತು ಅವಳಿಗೆ. ಹಲಗೆಯ ಕೇಬಲ್ ಚುಚ್ಚಿದಳು, ಡುಮ್ಮ ಹೂಂ ಎಂದು ಒಪ್ಪಿಕೊಂಡ. ಅವಳ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕಲ್ಲ. ಇಷ್ಟು ಚೆಂದದ ಮನೆಗೆ ಬೀದಿಯೇ ಇಲ್ಲವಲ್ಲ ಎಂದು.

ಆಮೇಲೆ ಸಣಕಲ. ಬಿಸಿ ಮಾಡಿ, ತೆಳು ರೇಕು ತೂರಿಸಿ, ಅಂಟು ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಯಲ್ಲಿ ಬಂದ ಬೈಗುಳವನ್ನು ಪಕ್ಕದ ಮೇಜಿನವರು ಕೇಳಿಸಿಕೊಂಡು ನಕ್ಕರು. ಒಳಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸಣ್ಣ ಫ್ಯಾನು, ಸೊಳ್ಳೆಯ ರಾಗ. ಕೊನೆಗೆ ಉಳಿದದ್ದು ಅದರ ಕಂಟ್ರೋಲರ್. ಸ್ಟಿಕ್ಕರ್ ಸರಿಸಿದರೆ, ಆಶ್ಚರ್ಯ, ಅದಕ್ಕೆ ಮಾತ್ರ ಅಂಟಿಲ್ಲ. ನಾಲ್ಕು ಸ್ಕ್ರೂ. ಮತ್ತೊಂದು ಚಿತ್ರ ಬರೆದು, ನಾಲ್ಕನ್ನೂ ಅಂಟಿಸಿ, ಬೆನ್ನು ತೆಗೆದಳು.

ತೆಗೆದವಳು ಹಾಗೇ ಕಲ್ಲಾದಳು.

ಬೋರ್ಡಿನ ಅಂಚಿನಲ್ಲಿ ಹದಿನಾರು ಚುಕ್ಕೆ. ಗಸಗಸೆಯಷ್ಟಲ್ಲ, ಕಡಲೆಬೇಳೆಯಷ್ಟು. ಒಂದೊಂದಕ್ಕೂ ಚಿನ್ನದ ಲೇಪ, ನಡುವೆ ವೈರು ತೂರಿಸಲು ತೂತು, ಪಕ್ಕದಲ್ಲಿ ಯಾವ ಗುಂಡಿಯದೆಂದು ಗುರುತು. ಸಾಲಾಗಿ, ಒಂದರಿಂದೊಂದು ದೂರವಾಗಿ, ಬೆಸುಗೆ ಹಾಕುವವರ ಕೈಗೆ ಎಟಕುವ ಹಾಗೆ. ಇದರ ಬಗ್ಗೆ ಯಾವ ಜಾಹೀರಾತಿನಲ್ಲೂ ಒಂದು ಮಾತಿರಲಿಲ್ಲ.

"ಇದೇನ್ ಸಾರ್?" ಎಂದು ತರಬೇತಿಯವನನ್ನು ಕರೆದಳು.

ಆತ ಕನ್ನಡಕ ಏರಿಸಿ ನೋಡಿದ. "ಅದಾ? ಫ್ಯಾಕ್ಟರಿಯವರು ಟೆಸ್ಟ್ ಮಾಡೋಕೆ ಬಿಟ್ಟಿರ್ತಾರೆ ಮೇಡಂ."

ಅಲ್ಲ. ಇಪ್ಪತ್ತು ವರ್ಷ ಬೋರ್ಡುಗಳ ಮುಖ ನೋಡಿದವಳಿಗೆ ಅದು ಗೊತ್ತು. ಟೆಸ್ಟಿಗೆ ಗಸಗಸೆ ಸಾಕು, ತೂತು ಬೇಡ, ಹೆಸರು ಬೇಡ. ಅಂಗುಲದ ಇಷ್ಟಿಷ್ಟು ಜಾಗಕ್ಕೂ ಜಗಳವಾಡುವ ಕಾರ್ಖಾನೆಯಲ್ಲಿ ಯಾರೋ ಒಬ್ಬರು, ಹೆಂಗಸೋ ಗಂಡಸೋ, ಈ ಜಾಗವನ್ನು ಹಟ ಹಿಡಿದು ಬಿಡಿಸಿಕೊಂಡಿದ್ದಾರೆ. ಅವರ ಮನೆಯಲ್ಲೂ ಒಬ್ಬ ತಂಗಿ ಇರಬಹುದು. ಅವರೂ ಬೆರಳು ಸುಟ್ಟುಕೊಂಡಿರಬಹುದು. ಎಲ್ಲೋ ಕೂತ ಅವರು ತನ್ನನ್ನು ಕಾಣದೆಯೇ ತನಗಾಗಿ ಬಾಗಿಲು ತೆರೆದಿಟ್ಟು ಹೋಗಿದ್ದಾರೆ ಎನಿಸಿ ಅವಳ ಮೈ ಜುಂ ಎಂದಿತು. ಅಂಟಿನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಹಲಗೆಯ ಆರು ವೈರು, ಆರು ಬೆಸುಗೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ತರಬೇತಿಯವನು "ಅಯ್ಯೋ ಮೇಡಂ, ಅದು ಡೆಮೊ ಪೀಸು" ಎನ್ನುತ್ತ ಬಂದವನು ಅವಳ ಕೈ ಓಡುವುದನ್ನು ಕಂಡು ಅಲ್ಲೇ ನಿಂತ. ಅವಳು ಸ್ವಿಚ್ ಹಾಕಿ, ಚೀಟಿ ನೋಡಿ ತಂಗಿಯ ಖಾತೆ ತೆರೆದಳು. ಸಣಕಲನ ಸೇವೆ ಸದ್ಯಕ್ಕೆ ಹಳೆಯ ಯಂತ್ರದ ಸಮುದ್ರಕ್ಕೇ ಸೇರಿತ್ತು.

ಪರದೆಯ ತುಂಬ ಸಮುದ್ರ. ಅವಳು ಅದನ್ನು ನೋಡಿದ್ದು ಅದೇ ಮೊದಲು. ಹಡಗು ಬಂದರಿನ ಬಾಯಲ್ಲಿ ನಿಂತಿತ್ತು. ಬೆಳಗಿನ ಪಾಳಿಯ ಹನ್ನೆರಡು ಜನ ಹಗ್ಗ ಸುತ್ತುತ್ತ, ನೆಲ ಒರೆಸುತ್ತ ಇದ್ದವರು ಒಮ್ಮೆಲೇ ಕೆಲಸ ನಿಲ್ಲಿಸಿ ಅವಳ ಕಡೆ ತಿರುಗಿದರು. ‘ಕ್ಯಾಪ್ಟನ್ ಬಂದರು’ ಎಂದು ಪರದೆಯ ಮೇಲೆ ಅಕ್ಷರ ಮೂಡಿತು, ಅವಳದೇ ಭಾಷೆಯಲ್ಲಿ.

ಪರೀಕ್ಷೆ ಎಂದರೆ ಪರೀಕ್ಷೆ. ಹಲಗೆಯನ್ನು ತೊಡೆಯ ಮೇಲಿಟ್ಟು, ಎರಡು ಬೆರಳು ಮಾತ್ರ ಬಿಟ್ಟು ಉಳಿದವನ್ನು ಮಡಚಿ, ಒರೆಸಿದ ಕಡ್ಡಿಯನ್ನು ತುಟಿಯಲ್ಲಿ ಹಿಡಿದಳು. ಹನ್ನೊಂದು ವರ್ಷದ ಹಿಂದೆ ತಾನೇ ಮಾಡಿದ್ದು, ಆದರೆ ಒಂದು ದಿನವೂ ಆಡಿ ನೋಡಿರಲಿಲ್ಲ. ತುಟಿ ಎಡಕ್ಕೆ ವಾಲಿಸಿದರೆ ಹಡಗು ಅಷ್ಟು ದೂರ ತಿರುಗಿತು. ಬಲಕ್ಕೆ ಎಳೆದರೆ ಇಷ್ಟೇ ಇಷ್ಟು. ಹೆಬ್ಬೆರಳು ಒತ್ತುವುದರೊಳಗೆ ತುಟಿ ಜಾರಿತು. ದವಡೆ ನೋಯತೊಡಗಿತು, ಕತ್ತು ಬಿಗಿಯಿತು. ಎರಡು ನಿಮಿಷ ಆಗಿರಲಿಲ್ಲ, ಮೂವತ್ತೆರಡು ಜನರ ಹಡಗು ಕರ್ ಎಂದು ಬಂಡೆ ಏರಿ ಕೂತಿತು. ಸ್ಕ್ರೂ ಅಕ್ಕ ಬೆವತಳು. ಇದನ್ನು ತಂಗಿ ದಿನಾ ಮೂರು ಗಂಟೆ ಮಾಡುತ್ತಾಳೆ! ನಗುತ್ತ ಮಾಡುತ್ತಾಳೆ!

‘ನೀವು ಕ್ಯಾಪ್ಟನ್ ಅಲ್ಲ’ ಎಂದು ಅಕ್ಷರ ಮೂಡಿತು. ‘ಯಾರು ನೀವು?’

ಸಿಕ್ಕಿಬಿದ್ದೆ ಎಂದುಕೊಂಡಳು. ತಂಗಿಯ ಗುಟ್ಟು ತನ್ನಿಂದಲೇ ಬಯಲಾಗಬಾರದು. ಮೇಜಿನ ಮೇಲಿದ್ದ ವೈರ್‌ಲೆಸ್ ಕೀಬೋರ್ಡ್ ಎಳೆದುಕೊಂಡು, ತಡವರಿಸಿ, ಎರಡೇ ಪದ ಬರೆದಳು: ‘ಅವಳ ಅಕ್ಕ.’

ಉತ್ತರಗಳು ಮಳೆ ಹುಯ್ದ ಹಾಗೆ ಬಂದವು.

‘ಹಲಗೆ ಮಾಡಿದ ಅಕ್ಕನಾ?’

‘ಯಂತ್ರವನ್ನು ಏಳು ಸಲ ಬದುಕಿಸಿದವರು?’

‘ನಮ್ಮ ಹಡಗಿನಲ್ಲಿ ಏನು ಬಿಚ್ಚಿದರೂ ಮೊದಲು ಚಿತ್ರ ಬರೆಯಬೇಕು, ತೆಗೆದದ್ದನ್ನೆಲ್ಲ ಅದರ ಜಾಗದಲ್ಲಿ ಇಡಬೇಕು. ಇದು ಕ್ಯಾಪ್ಟನ್ ಹಾಕಿದ ಕಟ್ಟಳೆ. ನಮ್ಮ ಅಕ್ಕ ಹಾಗೇ ಮಾಡೋದು ಅಂತ ಹೇಳಿದ್ದಾರೆ.’

‘ಒಂದು ಸ್ಕ್ರೂ ಕೂಡ ಮಿಕ್ಕಬಾರದು!’

ಹನ್ನೆರಡು ಜನ ಹಡಗಿನ ನೆಲದ ಮೇಲೆ ಸಾಲಾಗಿ ನಿಂತು ಟೊಪ್ಪಿಗೆ ತೆಗೆದರು. ಎಲ್ಲ ಗೊತ್ತಿತ್ತು ಅವರಿಗೆ. ಕುರ್ಚಿ, ಹೆಬ್ಬೆರಳು, ತುಟಿಯ ಕಡ್ಡಿ, ಎಲ್ಲ, ಮೊದಲ ವರ್ಷದಿಂದ. ಗೊತ್ತಿದ್ದೂ ಅವಳ ಮಾತಿಗೆ ಲಂಗರು ಎತ್ತುತ್ತಿದ್ದರು. ಗೊತ್ತಿಲ್ಲದೆ ಇದ್ದದ್ದು ಅಕ್ಕನಿಗೆ ಮಾತ್ರ. ಗುಟ್ಟು ಎಂದುಕೊಂಡು ಇಷ್ಟು ವರ್ಷ ಕಾದದ್ದು ಯಾವುದನ್ನು? ಅವಳು ಕಡ್ಡಿಯನ್ನು ಬಾಯಿಂದ ತೆಗೆದು ಸೆರಗಿನಲ್ಲಿ ಒರೆಸಿದಳು, ಆಮೇಲೆ ಮುಖವನ್ನೂ ಒರೆಸಿಕೊಂಡಳು. ತರಬೇತಿಯವನು ಮೆಲ್ಲಗೆ ನೀರಿನ ಬಾಟಲಿ ಮುಂದಿಟ್ಟು ಹೋದ.

‘ಹಡಗನ್ನು ನಾವು ಮುಟ್ಟುವುದಿಲ್ಲ’ ಎಂದು ಕೊನೆಯಲ್ಲಿ ಬಂತು. ‘ಎರಡು ಗಂಟೆಗೆ ಕ್ಯಾಪ್ಟನ್ ಬರಲಿ.’

ಬೆಸುಗೆ ಬಿಡಿಸಿ, ನಾಲ್ಕು ಸ್ಕ್ರೂವನ್ನೂ ಚಿತ್ರದಿಂದ ಒಂದೊಂದಾಗಿ ಕಿತ್ತು ಹಿಂದಕ್ಕೆ ಹಾಕಿ, ಹಲಗೆಗೆ ಹಳೆಯ ಕೇಬಲ್ ಜೋಡಿಸಿಕೊಂಡು ಮನೆ ಸೇರಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು.

"ಸಣಕಲ" ಎಂದಳು ಚಪ್ಪಲಿ ಬಿಡುವ ಮೊದಲೇ. "ಹಲಗೆ ಕೂರುತ್ತೆ. ಕೂರಿಸಿ ನೋಡಿದೆ. ಜಾಗ ಬಿಟ್ಟಿದ್ದಾರೆ ಕಣೇ, ನಮಗೇ ಅಂತ ಜಾಗ ಬಿಟ್ಟಿದ್ದಾರೆ."

ತಂಗಿಯ ತುಟಿ ಅದುರಿತು. ಆದರೆ ಅವಳು ಅಷ್ಟು ಸುಲಭಕ್ಕೆ ಅಳುವವಳಲ್ಲ. "ನಿನಗೆ ಅಂಟು ಆಗೋದಿಲ್ವಲ್ಲ? ಕೆಟ್ಟರೆ ನೀನು ಬಿಚ್ಚೋಕಾಗಲ್ಲ."

"ಕೆಟ್ಟರೆ ಇನ್ನೊಂದು ಡಬ್ಬ. ಹಡಗು ಇದ್ದಲ್ಲೇ ಇರುತ್ತೆ ಅಂತ ನೀನೇ ಅಂದ್ಯಲ್ಲ." ಹೇಳುವಾಗ ಅವಳಿಗೆ ಒಳಗೇ ಚುಚ್ಚಿತು. ಎಂಟನೆಯ ಸಲ ಬದುಕಿಸುವ ಹಕ್ಕನ್ನು ಕೈಯಾರೆ ಬಿಟ್ಟುಕೊಟ್ಟಂತೆ.

"ಹಡಗು ಎಲ್ಲಿ ಬಿಟ್ಟೆ?"

"ಬಂಡೆ ಮೇಲೆ."

ಅಡುಗೆಮನೆಯಿಂದ ಅಮ್ಮ ನಕ್ಕ ಸದ್ದು ಬಂತು. ತಂಗಿಯೂ ನಕ್ಕಳು, ಕೆಮ್ಮು ಬರುವಷ್ಟು.

ಎರಡು ಹೊಡೆಯಿತು. ಅಕ್ಕ ಹಲಗೆಯನ್ನು ತಂಗಿಯ ಮುಂದಿಟ್ಟು, ಕೇಬಲ್ ಚುಚ್ಚಿ, ಕಡ್ಡಿಯನ್ನು ತುಟಿಗೆ ಕೊಟ್ಟಳು. ಆಮೇಲೆ ಯಂತ್ರದ ಹಿಂದಿದ್ದ ಸ್ಟೂಲನ್ನು ಎತ್ತಿಕೊಂಡು ಬಂದು ತಂಗಿಯ ಪಕ್ಕ, ಪರದೆಗೆ ಎದುರಾಗಿ ಹಾಕಿ ಕೂತಳು. ತಂಗಿ ಓರೆಗಣ್ಣಲ್ಲಿ ನೋಡಿದಳು.

ಮೂವತ್ತೆರಡೂ ಜನ ಬಂದಿದ್ದರು. ತಂಗಿ ಹಡಗಿನ ಸುತ್ತ ಒಮ್ಮೆ ಕಣ್ಣಾಡಿಸಿದಳು. ಎಡಗಡೆಯವರಿಗೆ ಹಗ್ಗ, ಬಲಗಡೆಯವರಿಗೆ ಸರಕು ಹಿಂದಕ್ಕೆ, ಉಳಿದವರು ಅಲೆ ಬರುವವರೆಗೆ ಸುಮ್ಮನೆ. ಹೆಬ್ಬೆರಳು ಕೂದಲೆಳೆಯಷ್ಟು ಬಾಗಿತು. ತುಟಿ ಅಷ್ಟೇ ಅಷ್ಟು ವಾಲಿತು. ಒಂದು ಅಲೆ ಹೋಗಗೊಟ್ಟಳು, ಎರಡನೆಯದನ್ನೂ ಹೋಗಗೊಟ್ಟಳು, ಮೂರನೆಯದು ಬಂದಾಗ ಎರಡೂ ಬೆರಳು ಒಟ್ಟಿಗೆ ಇಳಿದವು. ಅಷ್ಟು ದೊಡ್ಡ ಹಡಗು ನಡುಗಿ, ಮೂತಿಯೆತ್ತಿ, ಬಂಡೆಯಿಂದ ನೀರಿಗೆ ಜಾರಿತು. ಮೂವತ್ತೆರಡು ಟೊಪ್ಪಿಗೆ ಮೇಲಕ್ಕೆ ಹಾರಿದವು. ಅಕ್ಕ ಬಾಯಿ ತೆರೆದವಳು ಮುಚ್ಚಲಿಲ್ಲ.

"ಅಕ್ಕಾ" ಎಂದಳು ತಂಗಿ ಪರದೆಯಿಂದ ಕಣ್ಣು ಕೀಳದೆ, "ಫ್ಯಾನ್ ಕೆಮ್ತಾ ಇದೆ, ಆಗ್ಲಿಂದ. ಕೇಳಿಸ್ಲಿಲ್ವಾ?"

"ಇಲ್ಲ ಕಣೇ" ಎಂದಳು ಸ್ಕ್ರೂ ಅಕ್ಕ. "ಕೇಳಿಸ್ಲೇ ಇಲ್ಲ."